ಮೆಟ್ಟಿಲ ಮೇಲಿನ ದೊರೆ

ಗಾಜಿನ ಪೆಟ್ಟಿಗೆಯಲ್ಲಿ ಹಲ್ಲಿ ಇರಲಿಲ್ಲ. ಅದು ಸತ್ತು ತಿಂಗಳುಗಳೇ ಆಗಿದ್ದವು. ಆ ವಿಷಯ ಕನ್ನಡಕದವನೊಬ್ಬನಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಈಗ ಮೇಲಿನ ಮನೆಯ ಟೈಲರಮ್ಮ ಅವನ ಮನೆಯ ಕೀ ಇಸಿದುಕೊಂಡು ಎದುರಿಗೇ ನಿಂತಿದ್ದಳು.

"ನೀವು ನಿಶ್ಚಿಂತೆಯಾಗಿ ಆಸ್ಪತ್ರೆಗೆ ಹೋಗ್ಬನ್ನಿ. ನಿಮ್ಮ ದೊರೆನ ನಾನು ನೋಡ್ಕೋತೀನಿ. ಹೊಟ್ಟೆಗೆ ಏನ್ ಹಾಕ್ಬೇಕು, ಅದನ್ನ ಹೇಳಿ."

"ನಿಮಗೆ ಹಲ್ಲಿ ಕಂಡ್ರೇ ಆಗಲ್ವಲ್ಲ ಟೈಲರಮ್ಮ. ಯಾಕೆ ಸುಮ್ನೆ..."

"ಆಗಲ್ಲ. ಹಾಗಂತ ಉಪವಾಸ ಸಾಯ್ಲಿ ಅಂತ ಬಿಡೋಕಾಗುತ್ತೇನ್ರೀ?"

"ಹಗಲು ಹೊರಗೆ ಬರಲ್ಲ, ಆ ಮರದ ತೊಗಟೆ ಹಿಂದೆ ಅಡಗಿರ್ತಾನೆ. ಕೈ ಹಾಕಿ ಹುಡುಕ್ಬೇಡಿ, ಹೆದರ್ತಾನೆ. ಒಂಚೂರು ನೀರು ಚಿಮುಕಿಸಿ, ಕಿವುಚಿದ ಬಾಳೆಹಣ್ಣು ಇಟ್ಟು ಬಂದ್ಬಿಡಿ," ಎಂದು ಬಾಯಿಗೆ ಬಂದದ್ದನ್ನು ಹೇಳಿ, ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಚೀಲ ಹಿಡಿದು ಹೊರಟ.

ಸುಳ್ಳು ಹೇಳುವ ಜಾತಿಯವನಲ್ಲ, ಪಾಪ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಡೀ ದಿನ ಗಾಜು ಉಜ್ಜುವುದು ಅವನ ಕೆಲಸ. ಗಿರಾಕಿಗಳ ಕಣ್ಣಿನ ನಂಬರು ಗೊತ್ತು, ಒಬ್ಬರ ಮುಖವೂ ಗೊತ್ತಿಲ್ಲ. ಮನೆಗೆ ಬಂದರೆ 'ಬಂದ್ಯಾ' ಎನ್ನುವವರಿಲ್ಲ. ಒಂಟಿತನ ತಡೆಯಲಾರದೆ, ದೂರದ ಬೆಚ್ಚನೆ ಕಾಡಿನದಂತೆ, ಒಂದು ಹಲ್ಲಿಯನ್ನು ಕೊಂಡು ತಂದ. "ಗೋಡೆ ಮೇಲೆ ಪುಕ್ಕಟೆ ಓಡಾಡ್ತಿರೋವಾಗ ದುಡ್ಡು ಕೊಟ್ಟು ತಂದ್ರಾ!" ಎಂದು ಟೈಲರಮ್ಮ ಮೆಟ್ಟಿಲ ಮೇಲೆ ಬಿದ್ದು ಬಿದ್ದು ನಕ್ಕಿದ್ದಳು. ಹಲ್ಲಿಗೆ ದೊರೆ ಎಂದು ಹೆಸರಿಟ್ಟವಳೂ ಅವಳೇ. ಅವತ್ತಿನಿಂದ ಸಂಜೆ ಎದುರಾದಾಗಲೆಲ್ಲ ಒಂದೇ ಪ್ರಶ್ನೆ: "ಏನಂತಾನ್ರೀ ನಿಮ್ಮ ದೊರೆ?" ದಿನವಿಡೀ ಅವನನ್ನು ಯಾರಾದರೂ ಏನಾದರೂ ಕೇಳುತ್ತಿದ್ದದ್ದು ಅದೊಂದೇ.

ನಿಜವಾದ ದೊರೆ ಬೂದಿಬಣ್ಣದ ಶುದ್ಧ ಸೋಮಾರಿ. ತೊಗಟೆಗೆ ಅಂಟಿಕೊಂಡರೆ ತೊಗಟೆ ಯಾವುದು ಅವನು ಯಾವುದು ತಿಳಿಯುತ್ತಿರಲಿಲ್ಲ. ಇದನ್ನು ಎಷ್ಟು ದಿನ ವರ್ಣಿಸಲಾದೀತು? ಮಾತು ಇನ್ನೆರಡು ಮೆಟ್ಟಿಲು ಮುಂದುವರಿಯಲಿ ಎಂದು ಅವನು ಹಲ್ಲಿಗೆ ಎಲೆಹಸಿರು ಮೈ ಕೊಟ್ಟ. ಇನ್ನೊಂದು ದಿನ ಬೆನ್ನ ಮೇಲೆ ಕೆಂಪು ಚುಕ್ಕೆ ಇಟ್ಟ. ಕಣ್ಣಿಗೆ ರೆಪ್ಪೆಯಿಲ್ಲ, ನಾಲಿಗೆ ಚಾಚಿ ತಾನೇ ಒರೆಸಿಕೊಳ್ಳುತ್ತಾನೆ ಎಂದ. ಅದೊಂದು ಮಾತ್ರ ನಿಜ. "ಗಾಜು ಒರೆಸೋ ನಿಮಗೆ ಸರಿಯಾದ ಜೋಡಿ ಬಿಡಿ!" ಎಂದು ಅವಳು ನಕ್ಕಳು. ಹಲ್ಲಿ ಸತ್ತ ದಿನವೂ ಅವಳು ಕೇಳಿದಳು. "ಚೆನ್ನಾಗಿದಾನೆ" ಅಂದುಬಿಟ್ಟ. ಸತ್ತ ಅಂದಿದ್ದರೆ ಒಂದು 'ಅಯ್ಯೋ ಪಾಪ' ಸಿಗುತ್ತಿತ್ತು, ಮಾರನೆಯ ದಿನದಿಂದ ಅವಳಿಗೆ ಕೇಳುವುದಕ್ಕೆ ಏನೂ ಇರುತ್ತಿರಲಿಲ್ಲ.

ಆಸ್ಪತ್ರೆಯ ಮಂಚದ ಮೇಲೆ ಹೊಲಿಗೆಯ ನೋವಿಗಿಂತ ಈ ನೋವೇ ಜಾಸ್ತಿಯಾಯಿತು. ಇಷ್ಟು ಹೊತ್ತಿಗೆ ಅವಳಿಗೆ ಗೊತ್ತಾಗಿರುತ್ತದೆ. ಇನ್ನು ಮೆಟ್ಟಿಲ ಮೇಲೆ ಮುಖ ತಿರುಗಿಸಿಕೊಂಡು ಹೋಗುತ್ತಾಳೆ. 'ಹಲ್ಲಿ ಯಾವಾಗ್ಲೋ ಸತ್ತೋಯ್ತು. ನಿಮ್ಮ ಹತ್ರ ಮಾತಾಡೋಕೆ ನನಗೆ ಬೇರೇನೂ ಇರ್ಲಿಲ್ಲ' ಎಂದು ಹೇಳಿಬಿಡುವುದೇ ಸರಿ. ಆ ಮಾತನ್ನೇ ಬಾಯಿಪಾಠ ಮಾಡಿಕೊಳ್ಳುತ್ತ ಮನೆಗೆ ಬಂದ.

ಬಾಗಿಲು ತೆರೆದೇ ಇತ್ತು. ಒಳಗೆ ತನ್ನ ಮನೆಯ ಗುರುತೇ ಅವನಿಗೆ ಸಿಗಲಿಲ್ಲ. ಬೀರು ಗೋಡೆ ಬಿಟ್ಟು ಮೊಳದಷ್ಟು ಮುಂದೆ ಬಂದಿತ್ತು. ಮಂಚ ಅಡ್ಡಡ್ಡ ನಿಂತಿತ್ತು. ಮೂಲೆಮೂಲೆಗೂ ಬಾಟಲಿ ಮುಚ್ಚಳದಲ್ಲಿ ಇಟ್ಟ ಬಾಳೆಹಣ್ಣು ಕಪ್ಪಗೆ ಒಣಗಿತ್ತು. ಕಿಟಕಿಯ ಸಂದಿಗಳಿಗೆಲ್ಲ ಅವಳು ಹೊಲಿಯುವ ಶಾಲಾ ಯೂನಿಫಾರ್ಮಿನ ನೀಲಿ ಚಿಂದಿ ತುರುಕಿತ್ತು. ಇಟ್ಟ ಹಣ್ಣು ಹಾಗೇ ಇರುವುದನ್ನು ಕಂಡು ತೊಗಟೆ ಎತ್ತಿ ನೋಡಿರಬೇಕು, ತನ್ನ ಕೈಯಿಂದಲೇ ತಪ್ಪಿಸಿಕೊಂಡಿತೆಂದು ಹೆದರಿರಬೇಕು. ಹಲ್ಲಿ ಕಂಡರೆ ಚೀರುವ ಹೆಂಗಸು ಇಲ್ಲದ ಹಲ್ಲಿಗಾಗಿ ಇಡೀ ಮನೆ ಜಾಲಾಡಿದ್ದಳು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಆಮೇಲೆ ಪೆಟ್ಟಿಗೆಯ ಕಡೆ ತಿರುಗಿದ. ದೀಪ ಉರಿಯುತ್ತಿತ್ತು. ಗಾಜಿಗೆ ನಾಲ್ಕೂ ಕಾಲು ಅಂಟಿಸಿಕೊಂಡು ಒಂದು ಹಲ್ಲಿ ಅವನನ್ನೇ ನೋಡುತ್ತಿತ್ತು. ಎಲೆಹಸಿರು ಮೈ, ಬೆನ್ನ ಮೇಲೆ ಕೆಂಪು ಚುಕ್ಕೆ. ಮೆಟ್ಟಿಲ ಮೇಲೆ ಅವನು ಹೇಳಿದ್ದ ಹಾಗೆಯೇ, ಒಂದು ಚುಕ್ಕೆಯೂ ಹೆಚ್ಚುಕಡಿಮೆಯಿಲ್ಲ. ಎಷ್ಟು ಅಂಗಡಿ ಅಲೆದು ತಂದಿದ್ದಳೋ. ನಾಲಿಗೆ ಚಾಚಿ ಕಣ್ಣು ಒರೆಸಿಕೊಂಡಿತು.

"ಬಂದ್ರಾ?" ಟೈಲರಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಬೆರಳುಗಂಟುಗಳು ತರಚಿಹೋಗಿದ್ದವು. ಒಂದೇ ಉಸಿರಿಗೆ ಹೇಳಿದಳು: "ಗುಡಿಸೋಣಾಂತ ಸಾಮಾನು ಸ್ವಲ್ಪ ಆಚೀಚೆ ಮಾಡ್ದೆ ಕಣ್ರೀ. ದೊರೆ ಚೆನ್ನಾಗಿದಾನೆ. ಈಗೀಗ ಹಗಲೂ ಹೊರಗೆ ಬರ್ತಾನೆ. ಒಂಚೂರು ಮೈಕೈ ತುಂಬ್ಕೊಂಡಿದಾನೆ ಅನ್ಸುತ್ತೆ... ಅಲ್ವಾ?"

ಬಾಯಿಪಾಠ ಮಾಡಿದ್ದನ್ನು ಅವನು ಅಲ್ಲಿಗೇ ಬಿಟ್ಟ.

"ಹೂಂ, ತುಂಬ್ಕೊಂಡಿದಾನೆ."

ಅವಳು ನಿಟ್ಟುಸಿರು ಬಿಟ್ಟು ಕೀ ಚಾಚಿದಳು. "ತಗೊಳ್ಳಿ. ನಿಮ್ಮ ಗುರುತು ಹಿಡಿದ್ನಾ?"

ಅವನು ಕೈ ಮುಂದೆ ಮಾಡಲಿಲ್ಲ.

"ಇಲ್ಲ ಟೈಲರಮ್ಮ. ಅವನಿಗೆ ಗೊತ್ತಿರೋದು ನೀವೊಬ್ರೇ. ಕೀ ನಿಮ್ಮ ಹತ್ರಾನೇ ಇರ್ಲಿ."