ತಗಡಣ್ಣನ ಮಾತು

ಹೊಸದಾಗಿ ಬಂದ ಡಿಸ್ಕುಗಳ ಡಬ್ಬಿಯ ಹಿಂಬದಿಯಲ್ಲಿದ್ದ ಕೊನೆಯ ಸಾಲನ್ನು ತಮ್ಮ ಬೆರಳಿಟ್ಟು ತೋರಿಸಿದಾಗ ಅಕ್ಕ ಅದನ್ನು ಎರಡೆರಡು ಸಲ ಓದಿದಳು. ‘ಎಲ್ಲ ಕಂತುಗಳ ಮಾತೂ ತೆರೆಯ ಮೇಲೆ ಅಕ್ಷರದಲ್ಲಿ ಮೂಡುತ್ತದೆ’ ಎಂದಿತ್ತು. ಕಿವಿ ಕೇಳದ ತಮ್ಮ ಇದೊಂದಕ್ಕಾಗಿ ಇಷ್ಟು ವರ್ಷ ಚಾತಕಪಕ್ಷಿಯ ಹಾಗೆ ಕಾದಿದ್ದ. ಇದೊಂದು ಬಾರದೇ ಇರಲಿ ಎಂದು ಅವಳು ಕಾದಿದ್ದಳು.

“ಕೂತ್ಕೋ ಅಕ್ಕ, ಹಾಕ್ತೀನಿ,” ಎಂದವು ಅವನ ಕೈಗಳು. ಇಬ್ಬರ ನಡುವೆ ಚಿಕ್ಕಂದಿನಿಂದ ಮಾತೆಲ್ಲ ಕೈಯಲ್ಲೇ.

ಗೋಡೆಯುದ್ದದ ಕಪಾಟಿನ ತುಂಬ ಒಂದೇ ಧಾರಾವಾಹಿ. ಬಾಹ್ಯಾಕಾಶದಲ್ಲಿ ದಾರಿ ತಪ್ಪಿದ ಅದೇ ಹಡಗು, ಅದೇ ಕ್ಯಾಪ್ಟನ್ನು. ಮೊದಲು ಬಂದ ಕಪ್ಪು ವಿಡಿಯೊ ಕ್ಯಾಸೆಟ್ಟುಗಳು, ಆಮೇಲೆ ಸಿ.ಡಿ., ಡಿ.ವಿ.ಡಿ., ಚಿತ್ರವನ್ನು ತೊಳೆದು ಹೊಸದು ಮಾಡಿದ್ದೇವೆಂದು ಮತ್ತೆ ಮಾರಿದ್ದು, ಎಲ್ಲ ಬಂದ ಕ್ರಮದಲ್ಲೇ ನಿಂತಿದ್ದವು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯದಂತೆ ಒರೆಸಿ, ಮಕ್ಕಳ ಹಾಗೆ ಅವನು ಸಾಕಿಕೊಂಡು ಬಂದದ್ದನ್ನು ನೋಡಿದಾಗಲೆಲ್ಲ ಅಕ್ಕನಿಗೆ ಹೆಮ್ಮೆ. ಈ ಸಲ ಎಲ್ಲವನ್ನೂ ಬಲಕ್ಕೆ ಸರಿಸಿ, ಎಡತುದಿಯಲ್ಲಿ ಒಂದು ಡಬ್ಬಿಯಷ್ಟು ಜಾಗ ಮಾಡಿದ್ದ. ಹೊಸದಕ್ಕಿರಬೇಕು ಎಂದುಕೊಂಡಳು.

“ಕಥೆ ಹಳೇದೇ ಆಗ್ಬೇಕು, ಡಬ್ಬಿ ಮಾತ್ರ ಹೊಸದಾಗ್ಬೇಕು ಇವ್ರಿಗೆ,” ಎಂದಳು ಕಾಫಿ ತಂದಿಟ್ಟ ತಮ್ಮನ ಹೆಂಡತಿ. “ನಂಗೊಂದು ಬೀರು ಇಡೋಕೆ ಜಾಗ ಇಲ್ಲ, ನೀವಾದ್ರೂ ಹೇಳಿ ಅಕ್ಕ.”

ಅಕ್ಕನಿಗೆ ನಗು ಬರಲಿಲ್ಲ. ಆ ಧಾರಾವಾಹಿ ಟಿ.ವಿ.ಯಲ್ಲಿ ಬರುತ್ತಿದ್ದಾಗ ತಮ್ಮನಿಗೆ ಅಕ್ಷರ ಕೂಡಿಸಲೂ ಬರುತ್ತಿರಲಿಲ್ಲ. ಹಡಗಿನವರ ತುಟಿ, ಹುಬ್ಬು ನೋಡಿ ಅರ್ಧಂಬರ್ಧ ಹಿಡಿದುಬಿಡುತ್ತಿದ್ದ. ಹಿಡಿಯಲಾಗದ್ದು ಹಡಗಿನಲ್ಲಿದ್ದ ಯಂತ್ರಮಾನವನ ಮಾತು ಮಾತ್ರ. ಅವನಿಗೆ ತುಟಿಯೂ ಇಲ್ಲ, ಹುಬ್ಬೂ ಇಲ್ಲ, ಮುಖವೆಲ್ಲ ಒಂದೇ ತಗಡು. ಮನೆಯಲ್ಲಿ ಅವನ ಹೆಸರೇ ತಗಡಣ್ಣ. ‘ತಗಡಣ್ಣ ಏನಂದ?’ ಎಂದು ತಮ್ಮ ತೋಳು ಜಗ್ಗಿದರೆ ಅಕ್ಕ ಕೈಯಲ್ಲಿ ಹೇಳಬೇಕಿತ್ತು. ತಗಡಣ್ಣ ಹೇಳುತ್ತಿದ್ದದ್ದೋ, ಬಾಗಿಲು ಮುಚ್ಚಿದೆ, ಇಂಧನ ಅರ್ಧ ಇದೆ, ಅಷ್ಟೇ. ಹುಡುಗನ ಆಸೆಗಣ್ಣು ನೋಡಿ ಅದನ್ನು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಅವಳ ಕೈಯಲ್ಲಿ ತಗಡಣ್ಣ ಕ್ಯಾಪ್ಟನ್ನನ್ನು ಆಡಿಕೊಂಡ, ಜೋಕು ಹೊಡೆದ, ತೆರೆಗೆ ಬಂದಕೂಡಲೇ ‘ಏನಪ್ಪಾ, ಊಟ ಆಯ್ತಾ?’ ಎಂದು ತಮ್ಮನನ್ನು ವಿಚಾರಿಸಿದ. ಒಮ್ಮೆ ತಗಡಣ್ಣ ಹಡಗಿನ ಗೋಡೆಗೆ ಅಂಗೈ ಒತ್ತಿ ನಿಂತಾಗ ಅವನ ಮಾತೆಂದು ಅವಳು ಹೇಳಿದ್ದಳು: ‘ನಂಗೂ ಕಿವಿ ಇಲ್ಲ ಕಣೋ. ಕೈ ಇಟ್ರೆ ಸಾಕು, ಯಂತ್ರ ತಾನಾಗೇ ಎಲ್ಲಾ ಹೇಳುತ್ತೆ.’

ಅಂದಿನಿಂದ ಹುಡುಗ ಕಂಡಕಂಡದ್ದಕ್ಕೆಲ್ಲ ಅಂಗೈ ಇಟ್ಟ. ಹೊಲಿಗೆ ಯಂತ್ರ, ನೀರಿನ ಪಂಪು, ಗುರುಗುಟ್ಟುತ್ತ ನಿಂತ ಬಸ್ಸು, ಯಾವುದನ್ನೂ ಬಿಡಲಿಲ್ಲ. ಈಗ ಅವನು ಜನರೇಟರ್ ಮೆಕ್ಯಾನಿಕ್. ಅಂಗೈ ಇಟ್ಟು ಕಣ್ಣು ಮುಚ್ಚಿದನೆಂದರೆ ಯಾವ ಬೇರಿಂಗ್ ಸವೆದಿದೆಯೆಂದು ಹೇಳಿಬಿಡುತ್ತಾನೆ. ಕಾರ್ಖಾನೆಯವರು ಕಾರು ಕಳಿಸಿ ಕರೆಸಿಕೊಳ್ಳುತ್ತಾರೆ. ಅಂಥ ಬದುಕು ತಾನು ಬಿಟ್ಟ ಬುರುಡೆಯ ಮೇಲೆ ನಿಂತಿದೆಯೆಂದು ಇವತ್ತು ಅವನಿಗೆ ತಿಳಿದುಹೋಗುತ್ತದಲ್ಲ ಎಂದುಕೊಂಡಳು ಅಕ್ಕ.

ತಮ್ಮ ಹುಡುಕಿ ಹುಡುಕಿ ಅದೇ ಕಂತನ್ನು ಹಾಕಿದ. ತಗಡಣ್ಣ ಬಂದ, ಗೋಡೆಗೆ ಅಂಗೈ ಒತ್ತಿದ. ಕೆಳಗೆ ಬಿಳಿ ಅಕ್ಷರ ಮೂಡಿತು: ‘ಮೂರನೇ ಎಂಜಿನ್. ಶಾಖ ಸರಿಯಿದೆ.’

ತಮ್ಮ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದ.

“ಆಗ ನಾನೂ ಚಿಕ್ಕವಳು ಕಣೋ...” ಎಂದು ಶುರು ಮಾಡಿದ ಅವಳ ಕೈಗಳನ್ನು ತಮ್ಮ ಗಪ್ಪನೆ ಹಿಡಿದುಕೊಂಡ. ಅವರಿಬ್ಬರಲ್ಲಿ ಅದು ಬಾಯಿ ಮುಚ್ಚಿಸಿದ ಹಾಗೆ. ಆಮೇಲೆ ಬಿಟ್ಟು, ತಾನು ಹೇಳಿದ.

“ಡಬ್ಬಿ ಬಂದು ವಾರ ಆಯ್ತು. ಎಲ್ಲಾ ನೋಡಿ ಮುಗ್ಸಿದೀನಿ.”

“ಎಲ್ಲಾನೂ?”

“ಎಲ್ಲಾನೂ. ಎಂಥ ಬೋರು ಹೊಡೆಸೋ ಆಸಾಮಿ ಕಣಕ್ಕ ಅವ್ನು! ಒಂದು ದಿನಾನೂ ನನ್ನ ಊಟ ಕೇಳಲಿಲ್ಲ.”

“ಕೋಪ ಬರ್ಲಿಲ್ವಾ?”

“ಬಂತು. ರಾತ್ರಿಯೆಲ್ಲ ಇತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗಿ ಎಂಜಿನ್ ಮೇಲೆ ಕೈ ಇಟ್ಟೆ. ಅದು ದಿನಾ ಮಾತಾಡೋ ಹಾಗೇ ಮಾತಾಡ್ತು.” ಅವನು ತನ್ನ ಎಣ್ಣೆಗಪ್ಪು ಹಿಡಿದ ಅಂಗೈಯನ್ನು ಒಮ್ಮೆ ನೋಡಿಕೊಂಡ. “ನೀನು ಹೇಳಿದ್ದು ಸುಳ್ಳಾಗಿದ್ರೆ ಮಾತಾಡ್ತಿತ್ತಾ?”

ಅಕ್ಕನ ಕಣ್ಣು ತುಂಬಿ ಬಂತು. ಅವನು ಅದನ್ನು ನೋಡದವನಂತೆ ಡಬ್ಬಿಯ ಮೇಲಿದ್ದ ‘ಸಂಪೂರ್ಣ ಸಂಗ್ರಹ’ ಎಂಬ ದಪ್ಪ ಅಕ್ಷರಗಳನ್ನು ತೋರಿಸಿ ಮುಖ ಸಿಂಡರಿಸಿದ. “ಇದನ್ನ ಸಂಪೂರ್ಣ ಅಂತಾರೆ, ನಾಚಿಕೆಗೆಟ್ಟವರು,” ಎಂದು ಅದನ್ನು ಬಲತುದಿಗೆ ತಳ್ಳಿದ. ಎಡಗಡೆಯ ಜಾಗ ಖಾಲಿಯೇ ಉಳಿಯಿತು.

“ಅದು ಯಾವುದಕ್ಕೆ?”

“ನಿಂದಕ್ಕೆ, ನಿನ್ನ ಕೈಮಾತಿಗೆ. ಎಲ್ಲಕ್ಕಿಂತ ಮೊದ್ಲು ಬಂದಿದ್ದು ಅದೇ ಅಲ್ವಾ? ಅದೊಂದು ನನ್ನ ಹತ್ರ ಇಲ್ಲ. ಫೋನಲ್ಲಿ ಹಿಡಿದು ಡಿಸ್ಕಿಗೆ ಹಾಕಿಸ್ತೀನಿ.”

ಹೇಳಿದವನೇ ಟಿ.ವಿ.ಯ ಪಕ್ಕ ಸ್ಟ್ಯಾಂಡ್ ನಿಲ್ಲಿಸಿ, ಫೋನನ್ನು ಅವಳ ಕೈಗಳತ್ತ ತಿರುಗಿಸಿದ. ಅಕ್ಷರ ಬರುವುದನ್ನು ನಿಲ್ಲಿಸಿ ಮೊದಲನೆಯ ಕಂತು ಹಾಕಿದ. ತಮ್ಮನ ಹೆಂಡತಿ ಕಾಫಿ ಲೋಟ ತೆಗೆಯಲು ಬಂದವಳು ಅಲ್ಲೇ ಕುಳಿತಳು.

ಹಡಗಿನ ಬಾಗಿಲು ಸರಿಯಿತು, ತಗಡಣ್ಣ ಬಂದ. ಅಕ್ಕನ ಕೈಗಳು ಮಡಿಲಿನಿಂದ ಮೆಲ್ಲಗೆ ಎದ್ದವು.

“ಏನಪ್ಪಾ, ಊಟ ಆಯ್ತಾ?”

ಫೋನಿನ ಹಿಂದೆ ನಿಂತಿದ್ದ, ತಲೆ ನರೆತ ತಮ್ಮ ಟಿ.ವಿ.ಯ ಕಡೆ ತಿರುಗಿ ಕೈಯಲ್ಲಿ ಹೇಳಿದ: “ಆಯ್ತು ತಗಡಣ್ಣ. ನಿಂದು?”