ಸಂಜೆಯ ಅಕ್ಷರ

ಕಾಲೇಜಿನ ಅಧ್ಯಾಪಕರಿಗೆ ಕ್ಲೌಡ್ ಕಂಪ್ಯೂಟಿಂಗ್ ಪರಿಚಯಿಸಲು ಬಂದಿದ್ದ ತರಬೇತುದಾರ ಸಂಜೆಯ ಕೊನೆಯ ಪಾಠದಲ್ಲಿ ಹೇಳಿದ: "ನೀವು ಇಂಟರ್ನೆಟ್ಟಿನಲ್ಲಿಟ್ಟು ಹಂಚಿಕೊಂಡಿರೋ ಫೈಲುಗಳಲ್ಲಿ ಈಗ ಇಲ್ಲದವರ ಹೆಸರಿದ್ದರೆ ತೆಗೆದುಹಾಕಿ. ಹಾಗೇ ಬಿಟ್ಟರೆ ಕಳ್ಳನ ಕೈಗೆ ಬೀಗದಕೈ ಕೊಟ್ಟ ಹಾಗೆ."

ಹಿಂದಿನ ಸಾಲಿನಲ್ಲಿ ಕೂತಿದ್ದ ಅಧ್ಯಾಪಕಿಯೊಬ್ಬಳ ಫೈಲಿನಲ್ಲಿದ್ದದ್ದು ಗಂಡನ ಹೆಸರೊಂದೇ. ಇಬ್ಬರೂ ಸೇರಿ ಬರೆಯುತ್ತಿದ್ದ ಸಂಶೋಧನಾ ಪ್ರಬಂಧ ಅದು. ಅವನು ಹೋದ ಮೇಲೆ ಒಂದು ಸಾಲೂ ಮುಂದೆ ಹೋಗಿರಲಿಲ್ಲ. ಗಂಡನ ಊರಲ್ಲಿ ಉತ್ತರಕ್ರಿಯೆ ಮುಗಿಸಿ ಬಂದವಳು ಯಾರಿಗೂ ಫೋನು ಮಾಡುತ್ತಿರಲಿಲ್ಲ, ಬಂದರೆ ಎತ್ತುತ್ತಿರಲಿಲ್ಲ. ಸಂಜೆಯಾದರೆ ಮಾತ್ರ ಆ ಫೈಲು ತೆರೆಯುತ್ತಿದ್ದಳು. ಪುಟದ ನೆತ್ತಿಯಲ್ಲಿ ಅವನ ಹೆಸರಿನ ಮೊದಲಕ್ಷರ, ಸಣ್ಣ ಹಸಿರು ವೃತ್ತದೊಳಗೆ, ಬೆಳಗುತ್ತಿತ್ತು. ಯಾಕೆಂದು ಅವಳು ಯಾರನ್ನೂ ಕೇಳಿರಲಿಲ್ಲ.

ಈಗಲೂ ಅದು ಬೆಳಗುತ್ತಿತ್ತು.

"ಸರ್, ಇಲ್ಲದವರ ಅಕ್ಷರ ತಾನಾಗೇ ಬರುತ್ತಾ? ಏನಾದರೂ ದೋಷದಿಂದ?"

"ಇಲ್ಲ ಮೇಡಂ. ಆ ಖಾತೆಯಿಂದ ಯಾರಾದರೂ ಈಗ ಫೈಲು ನೋಡ್ತಾ ಇದ್ದರೇನೇ ಬರೋದು. ಮೊದಲು ಆ ಹೆಸರು ತೆಗೀರಿ."

"ತೆಗೆದರೆ ಮತ್ತೆ ಬರಲ್ಲವಾ?"

"ಬರಬಾರದು ಅಂತಾನೇ ತೆಗೆಯೋದು ಮೇಡಂ."

ಹೆಸರು ಅಳಿಸುವ ಗುಂಡಿಯ ತನಕ ಹೋದವಳು ಹಿಂದೆ ಬಂದು, ಗಂಡ ಅರ್ಧಕ್ಕೆ ಬಿಟ್ಟಿದ್ದ ಸಾಲಿನ ಕೆಳಗೆ ಬರೆದಳು: "ಯಾರು?"

ಎಷ್ಟೋ ಹೊತ್ತಿನ ಮೇಲೆ ಒಂದೊಂದೇ ಅಕ್ಷರ ಮೂಡತೊಡಗಿತು.

"ನಾನು ಕಣಮ್ಮ, ನಿನ್ನ ಅತ್ತೆ. ಅವನ ಫೋನು ನನ್ನ ಹತ್ರಾನೇ ಇದೆ. ದಿನಾ ಇಲ್ಲಿ ನಿನ್ನ ಅಕ್ಷರ ಬಂದ ಮೇಲೇ ನಾನು ಊಟಕ್ಕೆ ಕೂರೋದು."