ಪಕ್ಕದ ಸೀಟಿನ ಗಾಳಿ

ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಬಿಚ್ಚಿ, ಪಕ್ಕದ ಸೀಟಿನ ಕಡೆಗೆ ಎಸಿ ಗಾಳಿ ಬರುವ ಕೊಳವೆಯೊಳಗಿಂದ ಮುದ್ದೆಯಾದ ಕರ್ಚೀಫೊಂದನ್ನು ಎಳೆದು ತೆಗೆದ. "ಫ್ಯಾನು, ಕೊಳವೆ ಎಲ್ಲಾ ಸರಿಯಾಗೇ ಇದೆ ಸಾರ್. ಯಾರೋ ಬೇಕಂತಲೇ ಇದನ್ನ ತುರುಕಿದ್ದಾರೆ."

ಕಾರಿನ ಯಜಮಾನನಿಗೆ ಅದರ ನೀಲಿ ಅಂಚಿನ ಗುರುತು ಹತ್ತಿತು. ತೀರಿಹೋದ ಹೆಂಡತಿಯದು. ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗಲೆಲ್ಲ ಅವನು ಸೆಖೆ ತಾಳದೆ ಎಸಿ ಜೋರು ಮಾಡಿ, "ನಿನ್ನ ಕಡೆ ಗಾಳಿ ಬರ್ತಿದೆಯಾ?" ಎಂದು ಕೇಳುತ್ತಿದ್ದ. "ಬರ್ತಿದೆ ರೀ, ಹಾಯಾಗಿದೆ," ಎನ್ನುತ್ತಿದ್ದಳು ಅವಳು, ಶಾಲಿನೊಳಗೆ ಮುದುಡಿಕೊಂಡು. ಅವಳು ಎದುರಿನ ಗಾಳಿಕಿಂಡಿಯನ್ನೇ ಮುಚ್ಚಿದ್ದರೆ ಅವನ ಕಣ್ಣಿಗೆ ಬೀಳುತ್ತಿತ್ತು. ಬಿದ್ದಿದ್ದರೆ ಅವನು ಎಸಿಯನ್ನೇ ಆರಿಸಿಬಿಡುತ್ತಿದ್ದ.

ಮೆಕ್ಯಾನಿಕ್ ಎಲ್ಲ ಜೋಡಿಸಿ ಸ್ವಿಚ್ ಒತ್ತಿದ. ಖಾಲಿ ಸೀಟಿನ ಮೇಲೆ ತಣ್ಣನೆಯ ಗಾಳಿ ಭರ್ರನೆ ಬೀಸಿತು. "ಈಗ ನೋಡಿ ಸಾರ್."

ಅವನು ಬೆವರುತ್ತಲೇ ಕೈ ಚಾಚಿ ಆ ಕಿಂಡಿಯನ್ನು ಮುಚ್ಚಿದ.

"ಯಾಕೆ ಸಾರ್?"

"ಚಳಿಯಾಗತ್ತೆ," ಎಂದ.